ಆಕಾಶದ ಬಾಗಿಲು, ಮನೆಯ ಚಿಲಕ

2022ರ ಫೆಬ್ರವರಿ 1ರಂದು ದೇಶದ ರಕ್ಷಣಾ ಸಚಿವರು ಒಂದು ಪ್ರಕಟಣೆ ಹೊರಡಿಸಿದರು. ವಾಯುಪಡೆಯ ಯುದ್ಧವಿಮಾನಗಳಿಗೆ ಮಹಿಳಾ ಪೈಲಟ್‌ಗಳನ್ನು ಸೇರಿಸಿಕೊಳ್ಳುವ, ಅಲ್ಲಿಯ ವರೆಗೆ ಪ್ರಾಯೋಗಿಕವೆನಿಸಿದ್ದ ಯೋಜನೆಯನ್ನು ಇನ್ನು ಶಾಶ್ವತಗೊಳಿಸಲಾಗುವುದು ಎಂಬುದು ಅದರ ಸಾರ. ಎರಡೇ ದಿನಗಳ ಬಳಿಕ, ಫೆಬ್ರವರಿ 3ರಂದು, ನಮ್ಮ ಕುಂದಾಪುರದ ಪದವಿಪೂರ್ವ ಕಾಲೇಜೊಂದರ ಗೇಟು ಶಿರವಸ್ತ್ರ ಧರಿಸಿ ಬಂದ ವಿದ್ಯಾರ್ಥಿನಿಯರ ಮುಖದೆದುರೇ ಮುಚ್ಚಿಕೊಂಡಿತು. ಪರೀಕ್ಷೆ ಹತ್ತಿರ ಬಂದಿದೆ, ದಯವಿಟ್ಟು ಒಳಗೆ ಬಿಡಿ ಎಂದು ಆ ಮಕ್ಕಳು ಬೇಡಿಕೊಳ್ಳುತ್ತಿದ್ದ ದೃಶ್ಯವನ್ನು ಇಡೀ ದೇಶ ನೋಡಿತು. ಹೆಣ್ಣುಮಗಳಿಗೆ ಆಕಾಶವೂ ತೆರೆದಿದೆ ಎಂದು ದೆಹಲಿ ಸಾರಿದ ಅದೇ ವಾರದಲ್ಲಿ ಕುಂದಾಪುರದ ಹೆಣ್ಣುಮಗಳಿಗೆ ತರಗತಿಯ ಬೆಂಚು ಮುಚ್ಚಿತ್ತು.

ಆ ಗೇಟಿನ ಕುರಿತು ಬೇಕಾದಷ್ಟು ಬರೆಯಲಾಗಿದೆ. ಮಾರ್ಚ್ 15ರ ಹೈಕೋರ್ಟ್ ತೀರ್ಪು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟ್‌ನ ಇಬ್ಬರು ನ್ಯಾಯಮೂರ್ತಿಗಳು ಕೊಟ್ಟ ಭಿನ್ನ ತೀರ್ಪು, ಎಲ್ಲವೂ ನಮ್ಮ ಓದುಗರಿಗೆ ಕಂಠಪಾಠವಾಗಿವೆ. ಅದು ಅನ್ಯಾಯವಾಗಿತ್ತು; ಅನ್ಯಾಯವೆಂದೇ ಅದನ್ನು ಕರೆಯುತ್ತೇವೆ. ಆದರೆ ಇಂದು ನಾವು ಬರೆಯಹೊರಟಿರುವುದು ಇನ್ನೊಂದು ಬಾಗಿಲಿನ ಬಗ್ಗೆ. ಅದಕ್ಕೆ ಕಾವಲುಗಾರನಿಲ್ಲ, ಸರಕಾರಿ ಸುತ್ತೋಲೆಯಿಲ್ಲ, ಕ್ಯಾಮೆರಾ ಅತ್ತ ತಿರುಗುವುದೂ ಇಲ್ಲ. ಅದರ ಚಿಲಕ ನಮ್ಮ ಮನೆಯ ಒಳಭಾಗದಲ್ಲಿದೆ.

ಮುಸ್ಲಿಮ್ ಹೆಣ್ಣುಮಗಳು ಯುದ್ಧವಿಮಾನ ಹಾರಿಸಬಹುದೇ? ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ನಮ್ಮ ಯಾವುದೇ ಮನೆಯ ಜಗಲಿಯಲ್ಲಿ ಈ ಪ್ರಶ್ನೆಯನ್ನಿಟ್ಟು ನೋಡಿ. ಸಿಗುವ ಉತ್ತರ ಫತ್ವಾ ಅಲ್ಲ, ವಾದವೂ ಅಲ್ಲ. ಒಂದು ನಗು. ಪ್ರಶ್ನೆ ಕೇಳಿದ್ದು ಹತ್ತನೆಯ ತರಗತಿಯ ಹುಡುಗಿಯಾಗಿದ್ದರಂತೂ ಆ ನಗುವಿಗೆ ಇನ್ನೂ ನಾಲ್ಕು ನಗು ಸೇರಿಕೊಳ್ಳುತ್ತವೆ. ಶರೀಅತಿನ ಹೆಸರಿನಲ್ಲಿ ನಕ್ಕವರನ್ನು ನಾವು ಕೇಳುತ್ತೇವೆ: ನಿಮ್ಮ ಈ ನಗುವಿಗೆ ಪುರಾವೆ ಎಲ್ಲಿದೆ?

ಮೊದಲು ಸಂಗತಿಗಳನ್ನು ತಿಳಿಯೋಣ. 2015ರಲ್ಲಿ ಭಾರತ ಸರಕಾರ ಈ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2016ರ ಜೂನ್ 18ರಂದು ಹೈದರಾಬಾದ್ ಸಮೀಪದ ದುಂಡಿಗಲ್ ವಾಯುಪಡೆ ಅಕಾಡೆಮಿಯಿಂದ ಅವನಿ ಚತುರ್ವೇದಿ, ಭಾವನಾ ಕಾಂತ್, ಮೋಹನಾ ಸಿಂಗ್ ಎಂಬ ಮೂವರು ಹೊರಬಂದರು. ಅವರ ಮುಂದಿನ ಹಂತದ ತರಬೇತಿ ನಡೆದದ್ದು ನಮ್ಮದೇ ರಾಜ್ಯದ ಬೀದರಿನಲ್ಲಿ, ಹಾಕ್ ಜೆಟ್ ವಿಮಾನಗಳಲ್ಲಿ. 2018ರ ಫೆಬ್ರವರಿ 19ರಂದು ಅವನಿ ಗುಜರಾತಿನ ಜಾಮ್‌ನಗರದಿಂದ ಮಿಗ್-21 ಬೈಸನ್ ವಿಮಾನವನ್ನು ಒಬ್ಬರೇ ಹಾರಿಸಿದರು. ಅದೇ ವರ್ಷದ ಜೂನ್‌ನಲ್ಲಿ ಚಿಕ್ಕಮಗಳೂರು ಜಿಲ್ಲೆಯ ಮರ್ಲೆ ಗ್ರಾಮದ ಮೇಘನಾ ಶಾನುಭೋಗ್ ಯುದ್ಧವಿಮಾನ ವಿಭಾಗಕ್ಕೆ ಸೇರಿದರು. ದಕ್ಷಿಣ ಭಾರತಕ್ಕೆ ಅವರೇ ಮೊದಲಿಗರು. ಚಿಕ್ಕಮಗಳೂರು ನಮಗೇನು ದೂರದ ದೇಶವಲ್ಲ, ಘಟ್ಟದ ಆಚೆಯ ಬದಿ. 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಮಧ್ಯಂತರ ಆದೇಶದಿಂದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪ್ರವೇಶ ಪರೀಕ್ಷೆಯೂ ಹೆಣ್ಣುಮಕ್ಕಳಿಗೆ ತೆರೆಯಿತು. 2025ರ ಮೇ 30ರಂದು ಆ ಅಕಾಡೆಮಿಯ ಮೊದಲ ಮಹಿಳಾ ತಂಡದ 17 ಮಂದಿ ತೇರ್ಗಡೆಯಾಗಿ ಹೊರನಡೆದರು.

ಇವೆಲ್ಲ ನಮ್ಮವರಿಗೆ ತಿಳಿಯದ ಸುದ್ದಿಗಳೇನಲ್ಲ. 2022ರ ಡಿಸೆಂಬರ್‌ನಲ್ಲಿ ಉತ್ತರ ಪ್ರದೇಶದ ಮಿರ್ಜಾಪುರ ಜಿಲ್ಲೆಯ ಹಳ್ಳಿಯೊಂದರ ಟಿವಿ ದುರಸ್ತಿಗಾರನ ಮಗಳು ಆ ಅಕಾಡೆಮಿಗೆ ಆಯ್ಕೆಯಾದಾಗ, ‘ದೇಶದ ಪ್ರಥಮ ಮುಸ್ಲಿಮ್ ಮಹಿಳಾ ಯುದ್ಧವಿಮಾನ ಪೈಲಟ್’ ಎಂಬ ಒಕ್ಕಣೆಯೊಂದಿಗೆ ಆಕೆಯ ಚಿತ್ರ ನಮ್ಮ ಪ್ರತಿಯೊಂದು ಮೊಬೈಲಿಗೂ ಬಂದು ಬಿತ್ತು. ಆ ಹುಡುಗಿ ಆಗಿನ್ನೂ ಗೆದ್ದಿದ್ದುದು ಪ್ರವೇಶದ ಆಯ್ಕೆಯನ್ನು. ಅಕಾಡೆಮಿಯ ಮೂರು ವರ್ಷ, ಅದರ ಮೇಲೆ ಹಾರಾಟದ ತರಬೇತಿ, ಅದರಲ್ಲಿ ಯುದ್ಧವಿಮಾನ ವಿಭಾಗಕ್ಕೆ ಆಯ್ಕೆ, ಎಲ್ಲವೂ ಅವಳ ಮುಂದಿದ್ದವು. ಆದರೆ ಅಭಿನಂದನೆಯ ಅವಸರದಲ್ಲಿ ಅದನ್ನೆಲ್ಲ ಓದಿದವರು ಯಾರು? 2025ರ ಮೇ 7ರಂದು ಕರ್ನಲ್ ಸೋಫಿಯಾ ಖುರೇಶಿಯವರು ಸೇನಾ ಕಾರ್ಯಾಚರಣೆಯ ವಿವರವನ್ನು ದೇಶದ ಮುಂದಿಟ್ಟಾಗಲೂ ಹಾಗೆಯೇ. ಬೆಳಗಾವಿ ಜಿಲ್ಲೆ ಗೋಕಾಕ ತಾಲೂಕಿನ ಕೊಣ್ಣೂರಿನ ಸೊಸೆ ಎಂದು ತಿಳಿದ ಮೇಲೆ ಕನ್ನಡ ಮುಸ್ಲಿಮರ ಹೆಮ್ಮೆಗೆ ಮೇರೆಯೇ ಇರಲಿಲ್ಲ. ಮಧ್ಯಪ್ರದೇಶದ ಸಚಿವರೊಬ್ಬರು ಆಕೆಯ ಕುರಿತು ನಾಲಿಗೆ ಹರಿಯಬಿಟ್ಟಾಗ, ಅಲ್ಲಿನ ಹೈಕೋರ್ಟ್ ತಾನಾಗಿಯೇ ಮೊಕದ್ದಮೆ ದಾಖಲಿಸಲು ಆದೇಶಿಸಿದಾಗ, ನಮ್ಮವರೆಲ್ಲ ಆಕೆಯ ಪರವಾಗಿ ನಿಂತರು. ಒಳ್ಳೆಯದೇ ಆಯಿತು.

ಪ್ರಶ್ನೆಯಿರುವುದು ಇಲ್ಲಿ. ಆ ಚಿತ್ರವನ್ನು ಸ್ಟೇಟಸ್ ಹಾಕಿಕೊಂಡ ಅದೇ ತಂದೆ, ಅದೇ ತಿಂಗಳು, ತನ್ನ ಮಗಳ ಪಿಯುಸಿ ಅರ್ಜಿಯಲ್ಲಿ ವಿಜ್ಞಾನ ವಿಭಾಗದ ಎದುರಿನ ಗುರುತನ್ನು ಅಳಿಸಿ ವಾಣಿಜ್ಯದ ಎದುರು ಗುರುತು ಹಾಕುತ್ತಾನೆ. ಕಾಲೇಜು ಹತ್ತಿರವಿರಬೇಕು, ಟ್ಯೂಷನ್ ಬೇಡ, ಪ್ರಯೋಗಾಲಯದಿಂದ ಬರುವಾಗ ಸಂಜೆಯಾಗುತ್ತದೆ, ಹೇಗೂ ಎರಡು ವರ್ಷದಲ್ಲಿ ನಿಕಾಹ್ ಮಾತುಕತೆ. ಬೇರೆಯವರ ಮಗಳು ಹಾರಿದರೆ ಸಮುದಾಯದ ಕೀರ್ತಿ. ನಮ್ಮ ಮಗಳು ಹಾರುತ್ತೇನೆಂದರೆ ಕುಟುಂಬದ ಮರ್ಯಾದೆಯ ಪ್ರಶ್ನೆ. ಪವಿತ್ರ ಕುರ್‌ಆನ್ ನಮಗೆ ಕಲಿಸಿರುವ ನ್ಯಾಯದ ತಕ್ಕಡಿ ಇಂಥ ಎರಡು ತೂಕದ ಕಲ್ಲುಗಳನ್ನು ಒಪ್ಪುವುದಿಲ್ಲ. ಸ್ವಂತದವರ ವಿರುದ್ಧವಾದರೂ ಸರಿ, ನ್ಯಾಯಕ್ಕೆ ಸಾಕ್ಷಿಗಳಾಗಿ ನಿಲ್ಲಬೇಕೆಂಬುದು ಅದರ ಆದೇಶ.

ಇನ್ನು ಧರ್ಮದ ಹೆಸರಿನಲ್ಲಿ ಬರುವ ಆಕ್ಷೇಪಗಳಿಗೆ ಬರೋಣ.

ರಣರಂಗ ಹೆಣ್ಣಿನ ಜಾಗವಲ್ಲ ಎಂಬುದು ಮೊದಲನೆಯದು. ಕಡಲ ಮಗ್ಗುಲಲ್ಲೇ ಬಾಳುವ ನಮಗೆ ಒಬ್ಬ ಸಹಾಬಿ ಮಹಿಳೆಯ ಕಥೆ ಬೇರೆ ಯಾರಿಗಿಂತಲೂ ಚೆನ್ನಾಗಿ ಅರ್ಥವಾಗಬೇಕು. ಅವರು ಉಮ್ಮು ಹರಾಮ್ ಬಿಂತ್ ಮಿಲ್‌ಹಾನ್(ರ), ಅನಸ್ ಬಿನ್ ಮಾಲಿಕ್(ರ) ಅವರ ಚಿಕ್ಕಮ್ಮ. ಬುಖಾರಿಯಲ್ಲಿ ದಾಖಲಾಗಿರುವಂತೆ, ಒಂದು ದಿನ ಪ್ರವಾದಿ(ಸ)ಯವರು ಅವರ ಮನೆಯಲ್ಲಿ ಮಧ್ಯಾಹ್ನದ ವಿಶ್ರಾಂತಿ ಪಡೆದು ಮುಗುಳ್ನಗುತ್ತಾ ಎಚ್ಚರಗೊಂಡರು. ಕಾರಣ ಕೇಳಿದಾಗ, ತಮ್ಮ ಸಮುದಾಯದವರು ಅಲ್ಲಾಹನ ಮಾರ್ಗದಲ್ಲಿ ಸಮುದ್ರವೇರಿ ಹೋಗುವುದನ್ನು ತಮಗೆ ತೋರಿಸಲಾಯಿತು, ಸಿಂಹಾಸನದ ಮೇಲಿನ ಅರಸರಂತೆ ಅವರು ಕಂಡರು ಎಂದರು. ಉಮ್ಮು ಹರಾಮ್(ರ) ಏನು ಹೇಳಿದರು? ನನ್ನ ಗಂಡ ಅವರಲ್ಲಿರಲಿ ಎಂದಲ್ಲ, ನನ್ನ ಮಗ ಇರಲಿ ಎಂದೂ ಅಲ್ಲ. ನಾನು ಅವರಲ್ಲೊಬ್ಬಳಾಗುವಂತೆ ಪ್ರಾರ್ಥಿಸಿರಿ ಎಂದರು. ಪ್ರವಾದಿ(ಸ)ಯವರು ನಗಲಿಲ್ಲ, ಗದರಲಿಲ್ಲ, ಹೆಂಗಸಿಗೆ ಸಮುದ್ರವೇಕೆ ಎನ್ನಲಿಲ್ಲ. ಪ್ರಾರ್ಥಿಸಿದರು. ಎರಡನೆಯ ಬಾರಿಯೂ ಅಂಥದೇ ಕನಸಾಗಿ ಆಕೆ ಮತ್ತೆ ಕೇಳಿದಾಗ, ನೀವು ಮೊದಲ ತಂಡದಲ್ಲಿದ್ದೀರಿ ಎಂದರು.

ಅರಬರಿಗೆ ಅಂದು ಸಮುದ್ರ ಎಂದರೇನು ಎಂಬುದನ್ನು ಯೋಚಿಸಬೇಕು. ಮರುಭೂಮಿಯ ಆ ಜನ ಒಂಟೆ, ಕುದುರೆ ಬಲ್ಲವರು. ನೌಕಾಯುದ್ಧ ಅವರಿಗೆ ಹೊಚ್ಚ ಹೊಸದು, ಭಯಾನಕವಾದದ್ದು. ಅಂದಿನ ಯುದ್ಧವಿಮಾನವೆಂದರೂ ತಪ್ಪಾಗದು. ಉಸ್ಮಾನ್(ರ) ಅವರ ಖಿಲಾಫತ್ತಿನ ಕಾಲದಲ್ಲಿ ಮುಆವಿಯಾ(ರ) ಅವರ ನೇತೃತ್ವದ ಸೈಪ್ರಸ್ ದಂಡಯಾತ್ರೆಯಲ್ಲಿ ಉಮ್ಮು ಹರಾಮ್(ರ) ಕಡಲೇರಿದರು. ಸವಾರಿಗೆಂದು ತಂದ ಪ್ರಾಣಿಯ ಬೆನ್ನಿಂದ ಬಿದ್ದು ಆ ಯಾತ್ರೆಯಲ್ಲೇ ವಫಾತಾದರು. ಸೈಪ್ರಸ್‌ನ ಲಾರ್ನಕಾ ಪಟ್ಟಣದ ಬಳಿ ಉಪ್ಪುಸರೋವರದ ದಂಡೆಯಲ್ಲಿ ಅವರದೆಂದು ಹೇಳಲಾಗುವ ಸಮಾಧಿ ಇಂದಿಗೂ ಇದೆ.

ಆಕೆ ಪತಿ ಉಬಾದಾ ಬಿನ್ ಸಾಮಿತ್(ರ) ಅವರ ಜೊತೆಗೆ ಹೋದರು, ಕತ್ತಿ ಹಿಡಿಯಲು ಹೋಗಲಿಲ್ಲ ಎಂದು ಯಾರಾದರೂ ಹೇಳಿದರೆ ಅದು ಸರಿಯಾದ ಮಾತು. ನಾವದನ್ನು ಮರೆಮಾಚುವುದಿಲ್ಲ. ಹಾಗಿದ್ದರೆ ಅವರ ಸಹೋದರಿ ಉಮ್ಮು ಸುಲೈಮ್(ರ) ಅವರನ್ನು ನೋಡಿ. ಹುನೈನ್ ಯುದ್ಧದಂದು ಅವರು ಸೊಂಟದಲ್ಲಿ ಕಠಾರಿ ಇಟ್ಟುಕೊಂಡಿದ್ದರು. ಏಕೆಂದು ಕೇಳಿದಾಗ, ಶತ್ರು ಹತ್ತಿರ ಬಂದರೆ ಅವನ ಹೊಟ್ಟೆ ಸೀಳಲು ಎಂದು ಉತ್ತರಿಸಿದರು. ಇದನ್ನು ಕೇಳಿದ ಪ್ರವಾದಿ(ಸ)ಯವರು ನಸುನಕ್ಕರು. ಆ ನಗುವಿಗೂ ನಮ್ಮ ಜಗಲಿಗಳ ನಗುವಿಗೂ ಎಷ್ಟು ಅಂತರ! ಇನ್ನು ಉಹುದ್‌ನಲ್ಲಿ ಗಂಡಸರು ಚದುರಿಹೋದ ಗಳಿಗೆಯಲ್ಲಿ ಪ್ರವಾದಿ(ಸ)ಯವರ ರಕ್ಷಣೆಗೆ ಅಡ್ಡನಿಂತು ಮೈತುಂಬ ಗಾಯಗೊಂಡ ನುಸೈಬಾ ಬಿಂತ್ ಕಅಬ್(ರ) ಅವರ ವಿಷಯವನ್ನು ನಮ್ಮ ಮದ್ರಸಾದ ಚಿಕ್ಕ ಮಕ್ಕಳೂ ಬಲ್ಲರು. ಬಲ್ಲರು, ಸರಿ. ಸ್ಪರ್ಧೆಯಲ್ಲಿ ಭಾಷಣ ಮಾಡಿ ಬಹುಮಾನವನ್ನೂ ತರುತ್ತಾರೆ. ಮನೆಗೆ ಬಂದ ಮೇಲೆ ಆ ಕಥೆ ಕಪಾಟು ಸೇರುತ್ತದೆ.

ಆಯಿಶಾ(ರ) ಅವರು ಜಿಹಾದ್‌ನ ಕುರಿತು ಕೇಳಿದಾಗ ಸ್ತ್ರೀಯರ ಜಿಹಾದ್ ಹಜ್ಜ್ ಎಂದು ಪ್ರವಾದಿ(ಸ)ಯವರು ತಿಳಿಸಿದ ಹದೀಸ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಅದು ಹೆಣ್ಣಿನ ಹೆಗಲಿನಿಂದ ಒಂದು ಕಡ್ಡಾಯವನ್ನು ಇಳಿಸಿದ ಕಾರುಣ್ಯದ ಮಾತು. ಕಡ್ಡಾಯವಲ್ಲ ಎಂಬುದಕ್ಕೂ ನಿಷಿದ್ಧ ಎಂಬುದಕ್ಕೂ ನಡುವೆ ಫಿಕ್ಹ್‌ನ ಒಂದು ಇಡೀ ಅಧ್ಯಾಯವಿದೆ. ಶತ್ರು ಊರಿಗೇ ನುಗ್ಗಿದಾಗ ಹೋರಾಟದ ಹೊಣೆ ಹೆಣ್ಣಿನ ಮೇಲೂ ಬರುತ್ತದೆಂದು ಹಿಂದಿನ ಫಕೀಹ್‌ಗಳೇ ಬರೆದಿಟ್ಟಿದ್ದಾರೆ. ನಮ್ಮ ಖತೀಬರು ಅದನ್ನು ಓದಿಲ್ಲವೆಂದಲ್ಲ, ಓದಿದ್ದಾರೆ, ಮಿಂಬರ್‌ನಿಂದ ಹೇಳುವುದಿಲ್ಲ.

ಹೆಣ್ಣು ನಾಜೂಕು ಎಂಬ ವಾದಕ್ಕೆ ಹೆಚ್ಚು ಜಾಗ ಕೊಡಲಾರೆವು. ತಿರುವಿನಲ್ಲಿ ಯುದ್ಧವಿಮಾನದ ಪೈಲಟ್‌ನ ಮೈ ತನ್ನ ತೂಕದ ಹಲವು ಪಟ್ಟು ಭಾರ ತಾಳಬೇಕಾಗುತ್ತದೆ ನಿಜ. ಅದನ್ನು ತಾಳಬಲ್ಲರೇ ಎಂಬುದನ್ನು ಅಳೆಯಲು ವೈದ್ಯರಿದ್ದಾರೆ, ಯಂತ್ರಗಳಿವೆ. ಹಲವರು ತೇರ್ಗಡೆಯಾಗಿ ತೋರಿಸಿಯೂ ಆಗಿದೆ. ಇನ್ನೂ ಸಂಶಯವಿರುವವರು ಬೆಳಗಿನ ಜಾವ ಗಂಗೊಳ್ಳಿ ಬಂದರಿನಲ್ಲಿ ಮೀನಿನ ಬುಟ್ಟಿ ಹೊರುವ ಹೆಂಗಸರ ಎದುರು ನಿಂತು ಆ ಮಾತು ಹೇಳಿ ನೋಡಲಿ.

ಮಹ್ರಮ್ ಇಲ್ಲದ ಪ್ರಯಾಣ ಮತ್ತು ದೂರದ ವಾಸ್ತವ್ಯದ ಪ್ರಶ್ನೆ ಗಂಭೀರವಾದದ್ದು. ನಮ್ಮ ಕರಾವಳಿಯ ಬಹಳಷ್ಟು ಮಂದಿ ಅನುಸರಿಸುವ ಶಾಫಿಈ ಮದ್‌ಹಬ್‌ನಲ್ಲಿ ಕಡ್ಡಾಯ ಹಜ್ಜ್‌ಗೆ ವಿಶ್ವಾಸಾರ್ಹ ಸ್ತ್ರೀಯರ ಜೊತೆಯೂ ಸಾಕೆಂದಿದೆ. ಬೇರೆ ಪ್ರಯಾಣಗಳಿಗೆ ಆ ರಿಯಾಯಿತಿ ಹರಡುತ್ತದೆಯೇ ಎಂಬುದರಲ್ಲಿ ವಿದ್ವಾಂಸರು ಒಮ್ಮತದಲ್ಲಿಲ್ಲ. ಹೀರಾದಿಂದ ಹೊರಟ ಒಬ್ಬಂಟಿ ಮಹಿಳೆ ಅಲ್ಲಾಹನ ಹೊರತು ಯಾರಿಗೂ ಹೆದರದೆ ಬಂದು ಕಅಬಾದ ಪ್ರದಕ್ಷಿಣೆ ಮಾಡುವ ದಿನ ಬರಲಿದೆಯೆಂದು ಪ್ರವಾದಿ(ಸ)ಯವರು ಅದಿಯ್ಯ್ ಬಿನ್ ಹಾತಿಮ್(ರ) ಅವರಿಗೆ ಹೇಳಿದ ಮಾತನ್ನು ಮುಂದಿಟ್ಟು, ಈ ನಿಯಮದ ತಿರುಳು ಸ್ತ್ರೀಯ ಸುರಕ್ಷತೆಯೇ ಎಂದು ವಾದಿಸಿದ ಉಲಮಾಗಳಿದ್ದಾರೆ, ಒಪ್ಪದವರೂ ಇದ್ದಾರೆ. ನಮ್ಮ ತಕರಾರು ಒಪ್ಪದವರೊಂದಿಗಲ್ಲ. ಮಗಳನ್ನು ವೈದ್ಯಕೀಯ ಕಾಲೇಜಿನ ಹಾಸ್ಟೆಲ್‌ಗೆ ಸೇರಿಸುವಾಗ ಮೃದುವಾದ ಅಭಿಪ್ರಾಯವನ್ನು ಹುಡುಕಿ ತಂದು, ಅಕಾಡೆಮಿಯ ಹೆಸರೆತ್ತಿದೊಡನೆ ಕಠಿಣವಾದದ್ದನ್ನು ಮುಂದೆ ಮಾಡುವವರೊಂದಿಗೆ ನಮ್ಮ ತಕರಾರು. ಡಾಕ್ಟರಳಾದರೆ ಸಂಬಂಧ ಚೆನ್ನಾಗಿ ಕೂಡಿಬರುತ್ತದೆ ಎಂಬ ಲೆಕ್ಕವನ್ನು ಶರೀಅತಿನ ತಲೆಗೆ ಕಟ್ಟಬೇಡಿ.

ನಿಜವಾಗಿಯೂ ಕಠಿಣವಾದ ಪ್ರಶ್ನೆ ಶಿರವಸ್ತ್ರದ್ದು. ಆಕ್ಸಿಜನ್ ಮಾಸ್ಕ್, ಹೆಲ್ಮೆಟ್, ಮೈಮುಚ್ಚುವ ಹಾರಾಟದ ಉಡುಪು ತೊಟ್ಟು ವಿಮಾನದೊಳಗೆ ಕುಳಿತವಳ ಒಂದು ಕೂದಲೂ ಕಾಣುವುದಿಲ್ಲ. ತೊಡಕಿರುವುದು ನೆಲದ ಮೇಲೆ, ಕವಾಯತಿನಲ್ಲಿ, ದಿನನಿತ್ಯದ ಸಮವಸ್ತ್ರದಲ್ಲಿ. ಗಡ್ಡ ಬಿಟ್ಟ ಕಾರಣಕ್ಕೆ ಸೇವೆಯಿಂದ ಬಿಡುಗಡೆಗೊಂಡ ವಾಯುಪಡೆಯ ಮುಸ್ಲಿಮ್ ಸಿಬ್ಬಂದಿಯೊಬ್ಬರ ಅಹವಾಲನ್ನು 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಶಿಸ್ತು ಮತ್ತು ಏಕರೂಪತೆ ಮೇಲು ಎಂಬುದು ಅದರ ತರ್ಕ. ಇಂಥ ವಾತಾವರಣದಲ್ಲಿ ಸ್ಕಾರ್ಫ್‌ಗೆ ಸುಲಭವಾಗಿ ಒಪ್ಪಿಗೆ ಸಿಗುತ್ತದೆಂದು ನಂಬಿಸಿ ಯಾರ ಮಗಳನ್ನೂ ನಾವು ಕಳುಹಿಸುವುದಿಲ್ಲ. ಆದರೆ ಶಿಸ್ತಿಗೂ ಧರ್ಮದ ಗುರುತಿಗೂ ಹಗೆತನವಿದೆ ಎಂಬ ಮಾತನ್ನು ಇದೇ ವಾಯುಪಡೆಯ ಚರಿತ್ರೆ ಸುಳ್ಳಾಗಿಸಿದೆ. ಪಂಚತಾರಾ ಪದವಿಗೇರಿದ ಏಕೈಕ ವಾಯುಪಡೆ ಅಧಿಕಾರಿ ಮಾರ್ಷಲ್ ಅರ್ಜನ್ ಸಿಂಗ್ ಕೊನೆಯವರೆಗೂ ಪೇಟಧಾರಿಯಾಗಿದ್ದರು. ಅಮೆರಿಕದ ಭೂಸೇನೆ 2017ರಲ್ಲಿ ಸಮವಸ್ತ್ರದೊಂದಿಗೆ ಹಿಜಾಬ್‌ಗೆ ಅನುಮತಿ ಕೊಟ್ಟಿತು. ದೀರ್ಘಕಾಲ ಅದನ್ನು ನಿಷೇಧಿಸಿದ್ದ ತುರ್ಕಿಯ ಸೇನೆಯೂ ಅದೇ ವರ್ಷ ನಿಷೇಧ ತೆಗೆಯಿತು. ಅಲ್ಲಿನ ಕವಾಯತುಗಳೇನೂ ಅಸ್ತವ್ಯಸ್ತವಾಗಲಿಲ್ಲ.

ಇಂಥ ನಿಯಮಗಳು ತಾವಾಗಿಯೇ ಬದಲಾಗುವುದಿಲ್ಲ. ಎಲ್ಲ ಪರೀಕ್ಷೆಗಳನ್ನೂ ಗೆದ್ದ, ಬಟ್ಟೆಯ ತುಂಡೊಂದನ್ನು ಬಿಟ್ಟರೆ ಬೇರಾವ ಕೊರತೆಯನ್ನೂ ತೋರಿಸಲಾಗದ ಅಭ್ಯರ್ಥಿಯೊಬ್ಬಳು ಅಧಿಕಾರಿಗಳ ಎದುರು ನಿಂತಾಗಲೇ ಅವರು ಉತ್ತರಿಸಬೇಕಾಗುತ್ತದೆ. ಅಂಥವಳು ಯಾರೂ ಅಲ್ಲಿಯ ತನಕ ತಲುಪದಂತೆ ಮನೆಯಲ್ಲೇ ತಡೆದುಬಿಟ್ಟರೆ, ನಿಯಮ ಮಾಡಿದವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಅಲ್ಲಿಗೆ ತಲುಪಿದ ಮೇಲೆ ಆಕೆ ತನ್ನ ದೀನ್‌ಗಾಗಿ ಆ ಸ್ಥಾನವನ್ನು ಬಿಟ್ಟು ಹಿಂದಿರುಗಿದರೆ ಅದು ಅವಳ ತ್ಯಾಗ. ಹೋಗಲೇ ಬಿಡದೆ ಕೂಡಿಹಾಕಿ ಅದಕ್ಕೆ ತ್ಯಾಗವೆಂದು ಹೆಸರಿಟ್ಟರೆ ಪ್ರತಿಫಲ ಯಾರಿಗೆ?

ಇನ್ನೊಂದು ಪ್ರಶ್ನೆಯನ್ನು ನಮ್ಮವರು ಕೇಳುವುದೇ ಇಲ್ಲ, ಆದರೆ ಅದೇ ಎಲ್ಲಕ್ಕಿಂತ ಭಾರವಾದದ್ದು. ಯುದ್ಧವಿಮಾನ ಕೊಲ್ಲುವ ಯಂತ್ರ. ಜಗತ್ತಿನ ಮೊದಲ ಮಹಿಳಾ ಯುದ್ಧವಿಮಾನ ಪೈಲಟ್ ಎಂದು ಹೆಸರಾದವರು ತುರ್ಕಿಯ ಸಬೀಹಾ ಗೋಕ್ಚೆನ್, ಅತಾತುರ್ಕ್‌ನ ದತ್ತುಪುತ್ರಿ. ಇಸ್ತಾಂಬುಲಿನ ಒಂದು ವಿಮಾನ ನಿಲ್ದಾಣಕ್ಕೇ ಅವರ ಹೆಸರಿದೆ. ಹೆಣ್ಣುಮಕ್ಕಳಿಗೆ ಸ್ಫೂರ್ತಿಯೆಂದು ಬರೆಯುವ ಲೇಖನಗಳು ಅಲ್ಲಿಗೆ ನಿಲ್ಲುತ್ತವೆ. 1937ರಲ್ಲಿ ದರ್ಸೀಮ್ ಪ್ರದೇಶದ ಕುರ್ದಿ ಅಲೆವಿಗಳ ಮೇಲೆ ಆಕೆ ಬಾಂಬು ಹಾಕಿದರು ಎಂಬುದನ್ನು, ಆ ಕಾರ್ಯಾಚರಣೆಯಲ್ಲಿ ಸಾವಿರಾರು ಜನಸಾಮಾನ್ಯರು ಸತ್ತರು ಎಂಬುದನ್ನು, 2011ರಲ್ಲಿ ತುರ್ಕಿಯ ಪ್ರಧಾನಿಯೇ ಅದಕ್ಕಾಗಿ ಕ್ಷಮೆ ಕೇಳಬೇಕಾಯಿತು ಎಂಬುದನ್ನು ಅವು ಹೇಳುವುದಿಲ್ಲ. ಹೆಣ್ಣು ಹಾರಿಸಿದಳೆಂದು ಬಾಂಬು ಪುಣ್ಯವಾಗುವುದಿಲ್ಲ. ಹೆಂಗಸರನ್ನು, ಮಕ್ಕಳನ್ನು, ವೃದ್ಧರನ್ನು ಕೊಲ್ಲಬಾರದೆಂದು ಸೇನೆಗಳನ್ನು ಕಳುಹಿಸುವಾಗಲೇ ತಾಕೀತು ಮಾಡಿದ ಪ್ರವಾದಿ(ಸ)ಯವರ ಅನುಯಾಯಿಗಳು ನಾವು. ಆಜ್ಞೆ ಪಾಲಿಸಿದೆನೆಂಬ ಉತ್ತರ ಪರಲೋಕದಲ್ಲಿ ನಡೆಯದು.

ಆದ್ದರಿಂದ ಸೇನೆ ಸೇರಲು ಬಯಸುವ ಮಗುವನ್ನು ಮನೆಯವರು ಕೂರಿಸಿಕೊಂಡು ಈ ವಿಷಯ ಮಾತಾಡಲೇಬೇಕು. ಯಾವುದಕ್ಕಾಗಿ ಹೋಗುತ್ತೀಯ? ಅನ್ಯಾಯದ ಆಜ್ಞೆ ಬಂದರೆ ಏನು ಮಾಡುತ್ತೀಯ? ಆದರೆ ಗಮನಿಸಿ, ಈ ಪ್ರಶ್ನೆಯಲ್ಲಿ ಹೆಣ್ಣು ಗಂಡು ಎಂಬ ಭೇದವೇ ಇಲ್ಲ. ಮಗ ಸೇನೆಗೆ ಹೊರಟರೆ ಹಾರ ಹಾಕಿ ಬೀಳ್ಕೊಟ್ಟು, ಮಗಳು ಹೊರಟಾಗ ಮಾತ್ರ ಯುದ್ಧದ ಹಿಂಸೆ ನೆನಪಾದರೆ ಅದು ಅಹಿಂಸೆಯೂ ಅಲ್ಲ, ದೀನ್ ಕೂಡ ಅಲ್ಲ. 1978ರಿಂದ 1981ರ ವರೆಗೆ ಭಾರತದ ವಾಯುಪಡೆಯ ಮುಖ್ಯಸ್ಥರಾಗಿದ್ದವರು ಹೈದರಾಬಾದಿನ ಇದ್ರಿಸ್ ಹಸನ್ ಲತೀಫ್. ವಿಭಜನೆಯ ಕಾಲದಲ್ಲಿ ಆಚೆಗೆ ಹೋಗುವ ಆಯ್ಕೆ ಇದ್ದರೂ ಈ ಮಣ್ಣನ್ನೇ ಆರಿಸಿಕೊಂಡವರು. ಅವರ ಹೆಸರು ಹೇಳುವಾಗ ನಮಗಾರಿಗೂ ಫಿಕ್ಹ್‌ನ ಸಂಶಯಗಳು ಏಳುವುದಿಲ್ಲ. (ಮಹಿಳಾ ಯುದ್ಧವಿಮಾನ ಪೈಲಟ್‌ಗಳ ವಿಷಯದಲ್ಲಿ ನೆರೆರಾಷ್ಟ್ರದ ಉದಾಹರಣೆಗಳೂ ಇವೆ. ಅವನ್ನು ಇಲ್ಲಿ ತರದಿರುವುದೇಕೆಂದು ಈ ದೇಶದಲ್ಲಿ ಬದುಕುವ ಓದುಗರಿಗೆ ವಿವರಿಸಬೇಕಾಗಿಲ್ಲ.)

ನಮ್ಮ ಕರಾವಳಿಯ ಮುಸ್ಲಿಮರು ಹಿಂದೆಯೂ ಹೀಗೆಯೇ ಇದ್ದರೆಂದು ಭಾವಿಸುವವರು ಇಬ್ನ್ ಬತೂತಾನ ಪ್ರವಾಸ ಕಥನವನ್ನು ತೆರೆಯಲಿ. 14ನೇ ಶತಮಾನದ ನಡುಭಾಗದಲ್ಲಿ ಅವನು ಈ ದಾರಿಯಾಗಿ ಬಂದ. ಶಿರೂರು, ಭಟ್ಕಳ ದಾಟಿದರೆ ಸಿಗುವ ಹೊನ್ನಾವರದಲ್ಲಿ ಹುಡುಗಿಯರಿಗಾಗಿ 13 ಮತ್ತು ಹುಡುಗರಿಗಾಗಿ 23 ಪಾಠಶಾಲೆಗಳನ್ನು ಕಂಡು, ಬೇರೆಲ್ಲಿಯೂ ಇಂಥದನ್ನು ನೋಡಲಿಲ್ಲವೆಂದು ಬೆರಗಾಗಿ ಬರೆದ. ಅಲ್ಲಿನ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದವರೆಂದೂ ಬರೆದ. ಮೊರಾಕ್ಕೋದಿಂದ ಹೊರಟು ಅರ್ಧ ಜಗತ್ತು ಸುತ್ತಿದವನ ಬೆರಗು ಅದು. ಇಂದಿನ ಬ್ರಹ್ಮಾವರ ತಾಲೂಕಿನ ಬಾರಕೂರನ್ನು ಅವನು ಫಾಕನೂರ್ ಎಂದು ಕರೆದಿದ್ದಾನೆ. ಅಲ್ಲಿನ ಹಿಂದೂ ಅರಸನಿಗೆ ಸುಮಾರು 30 ಯುದ್ಧನೌಕೆಗಳಿದ್ದು ಅವುಗಳ ದಳಪತಿ ಒಬ್ಬ ಮುಸ್ಲಿಮನಾಗಿದ್ದನಂತೆ. ಆ ದಳಪತಿ ವರ್ತಕರನ್ನು ಸುಲಿಯುತ್ತಿದ್ದನೆಂದು ಬತೂತಾ ಬೈದಿದ್ದಾನೆ, ಆದುದರಿಂದ ಅವನನ್ನು ಆದರ್ಶವೆಂದು ಯಾರೂ ಹೊಗಳಬೇಕಾಗಿಲ್ಲ. ಆದರೆ ಹೆಣ್ಣುಮಕ್ಕಳ ಶಾಲೆಯೂ ಅನ್ಯಧರ್ಮೀಯ ಅರಸನ ಸೇನೆಯಲ್ಲಿ ನಮ್ಮವರೂ ಈ ಕಡಲತೀರಕ್ಕೆ ಹೊಸತಲ್ಲ. ಏಳು ಶತಮಾನಗಳಷ್ಟು ಹಳತು.

ಕೊನೆಗೆ, ಕೆಲಸಕ್ಕೆ ಬರುವ ಕೆಲವು ಮಾತುಗಳು. ಯುದ್ಧವಿಮಾನ ಎಲ್ಲರಿಗಾಗಿ ಅಲ್ಲ. ಹತ್ತು ಸಾವಿರ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಆ ಆಸೆ, ಆ ದೃಷ್ಟಿ, ಆ ಎತ್ತರ, ಆ ಧೈರ್ಯ ಇರಬಹುದು. ಆದರೆ ಆ ಒಬ್ಬಳಿಗಾಗಿ ತೆರೆದಿಡುವ ದಾರಿಯಲ್ಲಿ ನೂರು ಮಂದಿ ಎಂಜಿನಿಯರುಗಳೂ ವಿಜ್ಞಾನಿಗಳೂ ನಡೆದು ಹೋಗುತ್ತಾರೆ. ಮುಖ್ಯವಾಗಿ ತಿಳಿದಿರಬೇಕಾದದ್ದು ಇದು: ಹಾರಾಟ ವಿಭಾಗಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಲೇಬೇಕು. ಪದವಿ ಮುಗಿಸಿ ಬರೆಯುವ ಎಎಫ್‌ಕ್ಯಾಟ್ ಪರೀಕ್ಷೆಗೆ ಬಿ.ಕಾಂ. ಓದಿದವಳೂ ಅರ್ಹಳೇ, ಆದರೆ ಆಗಲೂ ಪಿಯುಸಿಯ ಆ ಎರಡು ವಿಷಯಗಳನ್ನು ಕೇಳುತ್ತಾರೆ. ಅಂದರೆ ಹದಿನಾರರ ಹರೆಯದಲ್ಲಿ ಅಪ್ಪ ಅಳಿಸಿದ ಒಂದು ಗುರುತನ್ನು ಇಪ್ಪತ್ತೆರಡರಲ್ಲಿ ಮಗಳು ತಿದ್ದಲಾರಳು. ಎತ್ತರ ಕನಿಷ್ಠ 162.5 ಸೆಂಟಿಮೀಟರ್ ಬೇಕು. ಪೈಲಟ್ ಯೋಗ್ಯತೆಯನ್ನು ಅಳೆಯುವ ಕಂಪ್ಯೂಟರ್ ಪರೀಕ್ಷೆ ಜೀವನದಲ್ಲಿ ಒಂದೇ ಬಾರಿ. ತಯಾರಿಯಿಲ್ಲದೆ ಹೋಗಿ ಸೋತರೆ ಎರಡನೆಯ ಅವಕಾಶವಿಲ್ಲ. ಸೇರುವಾಗ ಅವಿವಾಹಿತೆಯಾಗಿರಬೇಕು. ಮೊದಲ ಮೂವರಿಗೆ ತರಬೇತಿ ತುಂಡಾಗದಂತೆ ಸುಮಾರು ನಾಲ್ಕು ವರ್ಷ ತಾಯ್ತನವನ್ನು ಮುಂದೂಡುವ ಸಲಹೆಯನ್ನೂ ವಾಯುಪಡೆ ಕೊಟ್ಟಿತ್ತು. ನಿಕಾಹ್ ಕುರಿತು ಮನೆಯಲ್ಲಿ ಮಾತು ಬರುವಾಗ ಇವೂ ತಿಳಿದಿರಲಿ.

ಹಣದ ಮಾತು. ಖಾಸಗಿ ವಿಮಾನದ ಪೈಲಟ್ ಆಗಲು ಹಲವಾರು ಲಕ್ಷ ರೂಪಾಯಿ ಸುರಿಯಬೇಕು. ವಾಯುಪಡೆಯ ತರಬೇತಿಗೆ ಮನೆಯವರು ಕೈಯಿಂದ ಹಾಕಬೇಕಾದುದಿಲ್ಲ. ದೋಣಿಗೆ ಹೋಗುವವನ ಮಗಳು, ರಿಕ್ಷಾ ಓಡಿಸುವವನ ಮಗಳು ಆಕಾಶಕ್ಕೇರಲು ಇರುವ ಏಕೈಕ ಏಣಿ ಬಹುಶಃ ಇದೇ. ಅದು ಬೇಡವೆಂದಾದರೆ ಇನ್ನೊಂದು ಏಣಿಯನ್ನು ಸಮುದಾಯವೇ ಮಾಡಿಕೊಡಲಿ. ಹೈದರಾಬಾದಿನ ಬೇಕರಿ ನೌಕರರೊಬ್ಬರ ಮಗಳು ಸಯ್ಯಿದಾ ಸಲ್ವಾ ಫಾತಿಮಾ ಹಿಜಾಬ್ ಬಿಡದೆಯೇ ವಿಮಾನ ಹಾರಿಸಲು ಕಲಿತು ವಾಣಿಜ್ಯ ಪೈಲಟ್ ಪರವಾನಗಿ ಪಡೆದರು. ಆಕೆಯ ಆರಂಭದ ತರಬೇತಿಗೆ ನೆರವಾದವರು ಸಿಯಾಸತ್ ಪತ್ರಿಕೆಯ ಸಂಪಾದಕ ಝಾಹಿದ್ ಅಲಿ ಖಾನ್. ಮುಂದೆ ತೆಲಂಗಾಣ ಸರಕಾರವೂ ಕೈಜೋಡಿಸಿತು. ನಮ್ಮ ಊರುಗಳಲ್ಲಿ ಗಲ್ಫ್‌ನ ಹಣದಿಂದ ಎದ್ದ ಮದುವೆ ಮಂಟಪಗಳಿಗೆ ಕೊರತೆಯಿಲ್ಲ. ಒಂದು ರಾತ್ರಿಯ ದೀಪಾಲಂಕಾರಕ್ಕೆ ಆಗುವ ಖರ್ಚಿನಲ್ಲಿ ಒಬ್ಬ ಹುಡುಗಿಯ ಎರಡು ವರ್ಷದ ಗಣಿತದ ಟ್ಯೂಷನ್ ಮುಗಿಯುತ್ತದೆ.

ಮೂರು ತಾಲೂಕುಗಳ ಜಮಾಅತ್ ಸಮಿತಿಗಳಿಗೆ ನಮ್ಮ ಬೇಡಿಕೆ ದೊಡ್ಡದೇನಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರದ ಜುಮುಆದ ಬಳಿಕ, ವಿಜ್ಞಾನ ವಿಭಾಗ ಬೇಕೆನ್ನುವ ಹೆಣ್ಣುಮಕ್ಕಳ ಪಟ್ಟಿಯೊಂದನ್ನು ಪ್ರತಿ ಮಸೀದಿಯಲ್ಲಿ ತಯಾರಿಸಲಿ. ಪಟ್ಟಿಯಲ್ಲಿ ಹೆಸರಿದ್ದು ವಾಣಿಜ್ಯಕ್ಕೆ ಸೇರಿದವರ ಮನೆಗೆ ಇಬ್ಬರು ಹಿರಿಯರು ಹೋಗಿ ಕಾರಣ ಕೇಳಿ ಬರಲಿ. ಹಾರಾಟದ ವೃತ್ತಿ, ಸಮವಸ್ತ್ರ, ಒಂಟಿ ಪ್ರಯಾಣ ಈ ಮೂರರ ಕುರಿತು ನಮ್ಮ ಉಲಮಾಗಳು ಆಧಾರಸಹಿತ ಲಿಖಿತ ಉತ್ತರ ಕೊಡಲಿ. ಆಗದು ಎಂಬುದೇ ಅವರ ಉತ್ತರವಾಗಿದ್ದರೆ ಅದನ್ನೂ ಬರೆದೇ ಕೊಡಲಿ, ಓದಿ ಚರ್ಚಿಸೋಣ. ಎನ್‌ಡಿಎ ಪರೀಕ್ಷೆ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಹೆಣ್ಣುಮಕ್ಕಳು ಅರ್ಜಿ ಶುಲ್ಕ ಕಟ್ಟಬೇಕಾಗಿಲ್ಲ. ವಯಸ್ಸಿನ ಮಿತಿ ಹದಿನಾರೂವರೆಯಿಂದ ಹತ್ತೊಂಬತ್ತೂವರೆ.